ಬಾಣದಕ್ಕನ ಒಂದು ಸಹಿ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಮೊಸರಿನಲ್ಲಿ ಕಲ್ಲು ಹುಡುಕುವ ಹೆಂಗಸು. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ಅದು ಅವಳ ನೌಕರಿ. ಶರ್ಟು ಹೊಲಿದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಚೆಕ್ಕರ್. ಟ್ಯೂಬ್‌ಲೈಟಿನ ಕೆಳಗೆ ಎತ್ತರದ ಮೇಜು, ಅದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಅತ್ತೆ. ಎಡಗಡೆಯಿಂದ ಶರ್ಟು ಬರುತ್ತದೆ, ಕಾಲರು, ತೋಳು, ಜೇಬು, ಗುಂಡಿ ಅಂತ ಅವಳ ಬೆರಳು ಒಂದು ಸುತ್ತು ಓಡುತ್ತದೆ, ಬಲಗಡೆಗೆ ಹೋಗುತ್ತದೆ. ಒಂದೇ ಒಂದು ಹೊಲಿಗೆ ಜಾರಿದ್ದರೂ ಸಾಕು, ಉಗುರಗಲದ ಕೆಂಪು ಬಾಣದ ಸ್ಟಿಕ್ಕರ್ ತೆಗೆದು, ತಪ್ಪಿನ ಕಡೆಗೆ ಅದರ ಮೂತಿ ತಿರುಗಿಸಿ, ಟಪ್ಪಂತ ಹಚ್ಚುತ್ತಾಳೆ. ಅದಕ್ಕೇ ಆರುನೂರು ಜನ ಹೆಂಗಸರಿಗೂ ಅವಳು ಬಾಣದಕ್ಕ.

ಬಾಣಕ್ಕೊಂದು ಕಾನೂನಿದೆ. ಬಾಣ ಬಿದ್ದದ್ದು ಮುಂದಕ್ಕೆ ಹೋಗುವಂತಿಲ್ಲ. ಹೊಲಿದವಳು ಬಿಚ್ಚಿ ಸರಿಮಾಡಿ ತರಬೇಕು. ಹಚ್ಚಿದವಳು ನೋಡಿ, ಮನಸ್ಸಿಗೆ ಒಪ್ಪಿದರೆ, ಅವಳೇ ಕಿತ್ತು ತೆಗೆಯಬೇಕು. ಹಿಂದೊಮ್ಮೆ ಯಾರೋ ಬಾಣಗಳನ್ನೆಲ್ಲ ಪರಪರ ಕಿತ್ತೆಸೆದು ಕಳಿಸಿಬಿಟ್ಟ ಶರ್ಟುಗಳು ಹಡಗು ಹತ್ತಿ ಹೋಗಿ, ಅದೇ ಹಡಗು ಹತ್ತಿ ವಾಪಸ್ ಬಂದವು. ಅವತ್ತು ಮ್ಯಾನೇಜರ್ ಕೆಂಡಾಮಂಡಲವಾಗಿ ನಾಲ್ಕೂ ಗೋಡೆಗೆ ಬೋರ್ಡು ಬರೆಸಿದ: "ಬಾಣ ಹಚ್ಚಿದವರೇ ಬಾಣ ತೆಗೆಯತಕ್ಕದ್ದು. ಬೇರೆಯವರು ಮುಟ್ಟಿದರೆ ಅಂದೇ ಮನೆಗೆ." ಕೊನೆಯ ಪದದ ಕೆಳಗೆ ಎರಡು ಗೆರೆ ಬೇರೆ.

ಈ ಚಾಳಿ ಕಾರ್ಖಾನೆಯ ಗೇಟಿನಲ್ಲಿ ಕಳಚಿಟ್ಟು ಬರುವಂಥದ್ದಲ್ಲ. ಮದುವೆಗೆ ಹೋದರೆ ಅತ್ತೆ ಮದುಮಗಳ ಮುಖ ನೋಡುವುದಿಲ್ಲ, ಬಟ್ಟೆಯ ಅಂಚು ನೋಡುತ್ತಾಳೆ. ಬೇಕರಿಯಲ್ಲಿ ಕೆಲಸ ಮಾಡುವ ಅಪ್ಪ ಬಿಸಿ ಬ್ರೆಡ್ಡು ತಂದರೆ ಅದನ್ನು ತಿರುಗಿಸಿ ತಿರುಗಿಸಿ, "ಇಲ್ಲಿ ಸೀದಿದೆ ನೋಡು" ಅನ್ನುತ್ತಾಳೆ. "ಅಕ್ಕಾ, ಅದು ಬ್ರೆಡ್ಡು, ಶರ್ಟಲ್ಲ. ತಿನ್ನು" ಅಂತ ಅಪ್ಪ ಕೈ ಮುಗಿಯುತ್ತಾನೆ. ಅವಳಿಗೆ ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ ನಮ್ಮಜ್ಜಿ ಹೇಳುತ್ತಿದ್ದ ಉತ್ತರ: ನೋಡೋಕೆ ಬಂದ ಮೂರೂ ಗಂಡುಗಳಲ್ಲಿ ತಪ್ಪು ಸಿಕ್ಕಿತಂತೆ, ಮೂರನೆಯವನಿಗೆ ಮುಖದ ಮೇಲೇ ಹೇಳಿದಳಂತೆ.

ನಮ್ಮ ಮನೆಯಲ್ಲಿ ಅಪ್ಪನೊಬ್ಬನನ್ನು ಬಿಟ್ಟರೆ ಮೂವರೂ ಅದೇ ಕಾರ್ಖಾನೆ. ನಾನು ಪ್ಯಾಕಿಂಗು. ಅಮ್ಮ ಮೂರನೇ ಸಾಲಿನಲ್ಲಿ ಕಾಲರು ಹೊಲಿಯುವವಳು. ಮನೆಯವಳು ಅಂತ ಅಮ್ಮನ ಕಾಲರಿಗೆ ರಿಯಾಯಿತಿಯೇನಿಲ್ಲ. ಅತ್ತೆ ಅದಕ್ಕೆ ಎಲ್ಲರಿಗಿಂತ ಒಂದು ಬಾಣ ಹೆಚ್ಚೇ ಹೊಡೆಯುತ್ತಿದ್ದಳು. ಹಾಗಂತ ಇಬ್ಬರಿಗೂ ಎಣ್ಣೆ ಸೀಗೆಕಾಯಿ ಅಂದುಕೊಂಡರೆ ಕೆಟ್ಟಿರಿ. ಅಮ್ಮನಿಗೆ ಐವತ್ತು ತುಂಬಿದರೂ ಅತ್ತೆಯ ಬಾಯಲ್ಲಿ ಅವಳು "ಹುಡುಗಿ". ಅತ್ತೆಯನ್ನು ಕೇಳದೆ ಅಮ್ಮ ಚಪ್ಪಲಿಯನ್ನೂ ಕೊಳ್ಳುತ್ತಿರಲಿಲ್ಲ. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಊಟ ಮಾಡುವಾಗ ನಾನು ಮೂರನೆಯವಳಾಗಿ ಹೋದರೆ ನನಗೇ ಸಂಕೋಚವಾಗುತ್ತಿತ್ತು.

ಈ ಜೋಡಿಯನ್ನು ಒಡೆದದ್ದು ಒಂದು ಬಾಗಿಲು. ನಮ್ಮ ಕಾರ್ಖಾನೆಗೆ ಜನ ಓಡಾಡುವ ಬಾಗಿಲು ಎರಡು. ಮುಂದಿನದು ಸದಾ ತೆರೆದಿರುತ್ತದೆ. ಹಿಂದಿನದಕ್ಕೆ ಸರಪಳಿ, ಸರಪಳಿಗೆ ಬೀಗ, ಬೀಗಕ್ಕೆ ಕೀಲಿಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ನಾವು ಶರ್ಟುಗಳನ್ನು ಹೊಟ್ಟೆಗೆ ಕಟ್ಟಿಕೊಂಡು ಹಿಂಬಾಗಿಲಿಂದ ಓಡಿಹೋಗುತ್ತೇವೆ ಅಂತ ಮ್ಯಾನೇಜರನ ಭಯ. ಒಂದು ದಿನ ಇಸ್ತ್ರಿ ವಿಭಾಗದಲ್ಲಿ ಹಬೆಯ ಪೈಪು ಸಿಡಿಯಿತು. ಇಡೀ ಹಾಲ್ ಹಬೆಯಿಂದ ಬೆಳ್ಳಗಾಯಿತು. "ಬೆಂಕಿ!" ಅಂತ ಯಾರೋ ಕಿರುಚಿದರು, ಅಷ್ಟೇ ಸಾಕಾಯಿತು. ಮುನ್ನೂರು ಜನ ಮುಂದಕ್ಕೆ ಓಡಿದರೆ ಮುನ್ನೂರು ಜನ ಹಿಂದಕ್ಕೆ. ಹಿಂಬಾಗಿಲಿಗೆ ಮೊದಲು ತಲುಪಿದವಳು ಅಮ್ಮ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಹಿಂದಿನಿಂದ ಜನ ಒತ್ತಿದರು. ಬೆಂಕಿಯಲ್ಲ ಬರೀ ಹಬೆ ಅಂತ ಗೊತ್ತಾಗುವಷ್ಟರಲ್ಲಿ ಅಮ್ಮನ ಎಡಗೈ ಮಣಿಕಟ್ಟಿನಲ್ಲಿ ಮುರಿದಿತ್ತು. ಯಾರೂ ಸಾಯಲಿಲ್ಲ ಅನ್ನುವುದೊಂದೇ ಪುಣ್ಯ.

ಅಮ್ಮ ಸುಮ್ಮನಿರುವ ಪೈಕಿಯಲ್ಲ. ಬಲಗೈ ನೆಟ್ಟಗಿತ್ತಲ್ಲ, ಆ ಕೈಯಲ್ಲೇ ಕಾರ್ಮಿಕ ಇಲಾಖೆಗೆ ದೂರು ಬರೆದಳು. "ಹಿಂಬಾಗಿಲ ಬೀಗ ತೆಗೆಸಿಕೊಡಿ." ಅಷ್ಟೇ, ಒಂದೇ ಸಾಲು. ಅವಳ ಜೊತೆ ಮೂರನೇ ಸಾಲಿನ ಇನ್ನೂ ಏಳು ಜನ ಸಹಿ ಹಾಕಿದರು.

ಇಲಾಖೆಯ ಇನ್ಸ್‌ಪೆಕ್ಟರ್ ಬರುವುದು ನಮಗೆ ಯಾವಾಗಲೂ ಒಂದು ದಿನ ಮೊದಲೇ ಗೊತ್ತಾಗುತ್ತದೆ. ಪಾಯಿಖಾನೆಯಲ್ಲಿ ಸೋಪು ಪ್ರತ್ಯಕ್ಷವಾದರೆ, ನಾಳೆ ಸರ್ಕಾರ ಬಂತು ಅಂತ ಅರ್ಥ. ಮೂಗಿಗೆ ಮಾಸ್ಕು ಬರುತ್ತದೆ, ಫ್ಯಾನು ತಿರುಗುತ್ತದೆ, ಸೂಪರ್‌ವೈಸರನ ಬಾಯಲ್ಲಿ "ಅಮ್ಮಾ" ಅನ್ನುವ ಪದ ಬರುತ್ತದೆ. ಆ ಸಲವೂ ಸೋಪು ಬಂತು. ಇನ್ಸ್‌ಪೆಕ್ಟರೂ ಬಂದ. ಬಂದವನು ಮ್ಯಾನೇಜರನ ಕೋಣೆಯ ತಣ್ಣನೆ ಗಾಳಿಯಲ್ಲಿ ಎರಡು ಗಂಟೆ ಕೂತು, ಕೇಕು ತಿಂದು, ಅಲ್ಲೇ ಕಂಪನಿಯ ಕಂಪ್ಯೂಟರಿನಲ್ಲೇ ವರದಿ ಟೈಪು ಮಾಡಿಸಿಕೊಂಡು ಹೋದ. ಹಿಂಬಾಗಿಲ ಕಡೆ ತಲೆ ಕೂಡ ಹಾಕಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಕಾಯುವವರು ಯಾರು? ವಾರದೊಳಗೆ ಎಂಟೂ ಜನರಿಗೆ ಕಾಗದ ಬಂತು. ಸುಳ್ಳು ದೂರು ಕೊಟ್ಟು ಕಂಪನಿಯ ಮರ್ಯಾದೆ ಕಳೆದದ್ದಕ್ಕಾಗಿ ಕೆಲಸದಿಂದ ವಜಾ.

ಇಲಾಖೆಯ ಕಚೇರಿಯಲ್ಲಿ ಮೊದಲ ವಿಚಾರಣೆಗೆ ಅಮ್ಮನ ಜೊತೆ ನಾನು ಹೋಗಿದ್ದೆ. ಅಧಿಕಾರಿ ಕನ್ನಡಕ ಏರಿಸಿಕೊಂಡು ಒಂದು ಹಾಳೆ ಮುಂದಕ್ಕೆ ತಳ್ಳಿದ. ಸುರಕ್ಷತಾ ತಪಾಸಣೆ ಪಟ್ಟಿ. ಐದನೇ ಸಾಲು: ಹಿಂಬಾಗಿಲು, ತೆರೆದಿದೆ, ಸರಿ ಇದೆ. ತಾರೀಕು ನೋಡಿದರೆ ಅಮ್ಮನ ಕೈ ಮುರಿದ ದಿನದ್ದೇ. ಕೆಳಗೆ ಸಹಿ.

"ಈ ಸಹಿ ಯಾರದು ಗೊತ್ತೇನಮ್ಮ? ನಿಮ್ಮ ಮನೆಯೋರದೇ ಅಂತೆ. ಮನೆಯೋರೇ ಬಾಗಿಲು ತೆಗೆದಿತ್ತು ಅಂದ್ರೆ ನಾನೇನು ಮಾಡ್ಲಿ?"

ಅದು ಅತ್ತೆಯ ಸಹಿ. ಕೊನೆಯಲ್ಲಿ ಬಾಲ ಎಳೆದು ಒಂದು ಚುಕ್ಕಿ ಇಡುವ ಆ ಸಹಿಯನ್ನು ನಾನು ದಿನಕ್ಕೆ ನೂರು ಸಲ ಪೆಟ್ಟಿಗೆಯ ಮೇಲೆ ನೋಡುತ್ತೇನೆ. ಅಮ್ಮ ಅದನ್ನು ನೋಡಿದಳು, ಎದ್ದಳು, ಹೊರಗೆ ನಡೆದಳು.

ಸಂಜೆ ಮನೆಯಲ್ಲಿ ಅತ್ತೆಗೆ ಹೇಳಿದವಳು ನಾನು. ಅವಳು ನಕ್ಕುಬಿಟ್ಟಳು, ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು. ಆಮೇಲೆ ಮುಖದ ಬಣ್ಣ ಇಳಿಯಿತು. ದಿನದ ಕೊನೆಗೆ ಶರ್ಟಿನ ತಪಾಸಣೆ ಹಾಳೆಗಳು ಇನ್ನೂರು ಬರುತ್ತವೆ. ಸೂಪರ್‌ವೈಸರ್ ಕಟ್ಟನ್ನು ತಂದು ಮೇಜಿಗೆ ಬಡಿದು, "ಅಕ್ಕಾ, ಬೇಗ, ಲಾರಿ ಕಾಯ್ತಿದೆ" ಅಂತಾನೆ. ಅತ್ತೆ ಹಾಳೆಯ ಮೂಲೆ ಮಾತ್ರ ಎತ್ತುತ್ತಾ, ಸರಸರ ಸಹಿ ಗೀಚುತ್ತಾಳೆ. ಆ ಕಟ್ಟಿನ ನಡುವೆ ಈ ಹಾಳೆ ಸೇರಿಸಿದ್ದಾರೆ. ಯಾವ ಚೆಕ್ಕರ್ ಕೂಡ ಹಾಳೆ ಓದುವುದಿಲ್ಲ. ಬಟ್ಟೆಯನ್ನು ಆಗಲೇ ಕಣ್ಣಲ್ಲಿ ಕಣ್ಣಿಟ್ಟು ನೋಡಿಯಾಗಿರುತ್ತದಲ್ಲ! ಇಡೀ ಪ್ರಪಂಚದಲ್ಲಿ ತಪ್ಪು ಹುಡುಕುವವಳ ಮೂಗಿನ ಕೆಳಗೇ ಇಷ್ಟು ದೊಡ್ಡ ತಪ್ಪು ದಾಟಿಹೋಗಿತ್ತು. ದೀಪದ ಬುಡದಲ್ಲೇ ಕತ್ತಲೆ.

"ಹುಡುಗೀ, ನಾನು ನೋಡ್ಲಿಲ್ಲ ಕಣೇ. ನನ್ನಾಣೆ ನೋಡ್ಲಿಲ್ಲ" ಅಂತ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

ಅಮ್ಮ ನನ್ನ ಕಡೆ ತಿರುಗಿ, "ನಿಮ್ಮತ್ತೆಗೆ ಹೇಳು, ಪಾತ್ರೆ ತೊಳೆಯೋದಿದೆ, ದಾರಿ ಬಿಡಬೇಕಂತೆ" ಅಂದಳು.

ಅಲ್ಲಿಗೆ ಶುರುವಾಯಿತು ನಮ್ಮ ಮನೆಯ ಮಹಾಮೌನ. ನಾಲ್ಕು ತಿಂಗಳು! ಎರಡು ಕೋಣೆಯ ಮನೆ, ನಡುವೆ ನಾನು. "ನಿಮ್ಮತ್ತೆಗೆ ಹೇಳು, ಬಚ್ಚಲು ಖಾಲಿ ಇದೆ." "ನಿಮ್ಮಮ್ಮನಿಗೆ ಹೇಳು, ಸೋಪು ತೀರಿದೆ." ಇಬ್ಬರೂ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತಿದ್ದಾಗಲೂ ಸುದ್ದಿ ನನ್ನ ಮೂಲಕವೇ ಹೋಗಬೇಕು. ನೀನು ಉಪ್ಪು ಹಾಕಿದೆಯಾ ಅಂತ ಒಬ್ಬರನ್ನೊಬ್ಬರು ಕೇಳುವಂತಿಲ್ಲವಾದ್ದರಿಂದ ಇಬ್ಬರೂ ಹಾಕುತ್ತಿದ್ದರು. ಅಪ್ಪ ಆ ಅಡುಗೆಯನ್ನು ಮಾತಿಲ್ಲದೆ ತಿಂದು ಒಂದು ಬಿಂದಿಗೆ ನೀರು ಕುಡಿಯುತ್ತಿದ್ದ. ಒಂದು ದಿನ ಧೈರ್ಯ ಮಾಡಿ, "ಏನ್ರೇ, ಸಾಕು ಮಾಡ್ರೇ" ಅಂದ. ಇಬ್ಬರೂ ಒಟ್ಟಿಗೇ, "ನೀನು ಸುಮ್ನಿರು!" "ನೀವು ಸುಮ್ನಿರಿ!" ಅಂದರು. ನಾಲ್ಕು ತಿಂಗಳಲ್ಲಿ ಅವರಿಬ್ಬರೂ ಒಪ್ಪಿಕೊಂಡ ಒಂದೇ ವಿಷಯ ಅದು.

ನಗುತ್ತೇನೆ, ಆದರೆ ಒಳಗೊಳಗೇ ಸಂಕಟ. ಅಮ್ಮನ ಕೈಯ ಕಟ್ಟು ಬಿಚ್ಚಿತು, ಬೆರಳು ಮೊದಲಿನಂತೆ ಆಡತೊಡಗಿತು, ಆದರೆ ಹೊಲಿಯಲು ಮಷೀನಿಲ್ಲ. ವಜಾ ಆದವಳನ್ನು ಬೇರೆ ಕಾರ್ಖಾನೆಯವರು ಗೇಟಿನಲ್ಲೇ ತಿರುಗಿಸಿ ಕಳಿಸುತ್ತಿದ್ದರು. ಬೆಳಗ್ಗೆ ನಾವಿಬ್ಬರೂ ಹೊರಟಾಗ ಅಮ್ಮ ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಅತ್ತೆ ಅತ್ತ ನೋಡುತ್ತಿರಲಿಲ್ಲ, ನೋಡಲು ಅವಳಿಗೆ ಆಗುತ್ತಿರಲಿಲ್ಲ. ಅಮ್ಮನನ್ನು ಆ ಮಷೀನಿನ ಮುಂದೆ ಮತ್ತೆ ಕೂರಿಸಬೇಕು, ಅಷ್ಟು ಬಿಟ್ಟರೆ ಅತ್ತೆಯ ತಲೆಯಲ್ಲಿ ಬೇರೇನೂ ಇರಲಿಲ್ಲ.

ಒಂದು ದಿನ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಇಲಾಖೆಯ ಕಚೇರಿಗೆ ಹೋದಳು, ಸಹಿ ವಾಪಸ್ ತೆಗೆದುಕೊಳ್ಳಲು. ಅಧಿಕಾರಿ ಚಹಾ ಕುಡಿಯುತ್ತಿದ್ದ. ಕಪ್ಪಿನ ಮೇಲೆ ನಮ್ಮ ಕಂಪನಿಯ ಮುದ್ರೆ. ಗೋಡೆಯ ಕ್ಯಾಲೆಂಡರು ನಮ್ಮ ಕಂಪನಿಯದು. ಅತ್ತೆ ಅವನ ಮಾತು ಕೇಳುವುದು ಬಿಟ್ಟು ಅವನ ಅಂಗಿಯ ಕಾಲರನ್ನೇ ದಿಟ್ಟಿಸುತ್ತಿದ್ದಳು.

"ಸ್ವಾಮಿ, ಇದು ಮೂರನೇ ಸಾಲಿಂದು" ಅಂದಳು.

"ಯಾವುದು?"

"ನೀವು ಹಾಕಿರೋ ಶರ್ಟು. ಈ ಕಾಲರು ನಮ್ಮ ಹುಡುಗಿ ಹೊಲಿದಿದ್ದು, ಮೂಲೆ ತಿರುಗಿಸೋದು ನೋಡಿದ್ರೇ ಗೊತ್ತಾಗುತ್ತೆ. ಹೊರದೇಶಕ್ಕೆ ಹೋಗೋ ಮಾಲು ನಿಮ್ಮ ಮೈಮೇಲೆ ಹೆಂಗೆ ಬಂತು ಸ್ವಾಮಿ? ನಾವು ಹೊಟ್ಟೆಗೆ ಕಟ್ಕೊಂಡು ಹೋಗ್ತೀವಿ ಅಂತ ಬೀಗ ಹಾಕಿದಾರೆ."

ಅಧಿಕಾರಿ ಕೆಮ್ಮಿದ. ಕಪ್ಪನ್ನು ಫೈಲಿನ ಹಿಂದೆ ಸರಿಸಿದ. "ನೋಡಮ್ಮ, ಸಹಿ ಅನ್ನೋದು ಸಾಲ ಕೊಟ್ಟ ಪಾತ್ರೆ ಅಲ್ಲ, ಬೇಕಾದಾಗ ವಾಪಸ್ ಇಸ್ಕೊಳ್ಳೋಕೆ. ಬಾಗಿಲು ಮುಚ್ಚಿತ್ತು ಅಂತ ಹೊಸ ವರದಿ ಬಂದ್ರೆ ನೋಡೋಣ."

"ಹೊಸ ವರದಿ ಯಾರು ಕೊಡ್ಬೇಕು?"

"ನಮ್ಮ ಇನ್ಸ್‌ಪೆಕ್ಟರು."

ಹೊರಗೆ ಬಂದು ಅತ್ತೆ ಮೆಟ್ಟಿಲ ಮೇಲೆ ಕೂತು ಗಹಗಹಿಸಿ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನೀರು ಮಾತ್ರ ಬರುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು ನೋಡಿ! ನಮ್ಮ ಕಾರ್ಖಾನೆಗೆ ಸರ್ಕಾರದ "ಮಾದರಿ ಸುರಕ್ಷತಾ ಕಾರ್ಖಾನೆ" ಪ್ರಶಸ್ತಿ. ಇನ್ಸ್‌ಪೆಕ್ಟರನ ಶಿಫಾರಸು. ಮಂತ್ರಿಗಳೇ ಬಂದು, ಒಳಗೆಲ್ಲ ಒಂದು ಸುತ್ತು ನಡೆದು, ಪ್ರಶಸ್ತಿ ಕೊಟ್ಟು ಹೋಗುತ್ತಾರಂತೆ. ಪತ್ರಿಕೆಯವರು ಬರುತ್ತಾರಂತೆ, ಶರ್ಟು ಕೊಳ್ಳುವ ಹೊರದೇಶದವರೂ ಬರುತ್ತಾರಂತೆ. ಪಾಯಿಖಾನೆಗೆ ಒಂದಲ್ಲ, ಮೂರು ಬಣ್ಣದ ಸೋಪು ಬಂತು. ಹಿಂಬಾಗಿಲನ್ನು ಏನು ಮಾಡುವುದು? ಕೀಲಿಕೈ ಸಿಕ್ಕಲಿಲ್ಲ. ಬೀಗ ಒಡೆದರೆ ಮತ್ತೆ ಹಾಕುವುದು ಯಾರು ಅಂತ ಮ್ಯಾನೇಜರ್ ಯೋಚಿಸಿ, ಅದಕ್ಕೊಂದು ನೀಲಿ ವೆಲ್ವೆಟ್ ಪರದೆ ತೂಗುಹಾಕಿಸಿದ. ಅಂಚಿಗೆ ಹೊನ್ನಿನ ಬಣ್ಣದ ದಾರ, ಪಕ್ಕದಲ್ಲಿ ಜಗ್ಗುವ ಹಗ್ಗ. ಪ್ಯಾಕಿಂಗಿನವರು ಅಂತ ಏಣಿ ಹತ್ತಿ ಅದನ್ನು ಕಟ್ಟಿದವಳು ನಾನೇ. ಅತ್ತೆ ಕೆಳಗೆ ನಿಂತು ಸುಮ್ಮನೆ ನೋಡುತ್ತಿದ್ದಳು.

ಆ ದಿನ ಬೆಳಗ್ಗೆ ಎಲ್ಲರೂ ಗೇಟಿನಲ್ಲಿ ಸಾಲುಗಟ್ಟಿ ಚಪ್ಪಾಳೆ ಅಭ್ಯಾಸ ಮಾಡುತ್ತಿದ್ದಾಗ ಅತ್ತೆ ಕಾಣಿಸಲಿಲ್ಲ. ಅವಳು ಒಳಗೆ ಮಂಡಿಯೂರಿ ತನ್ನ ಕೆಲಸ ಮಾಡುತ್ತಿದ್ದಳು. ಔಷಧಿ ಮುಗಿದು ಮೂರು ವರ್ಷವಾದ ಬೆಂಕಿ ಆರಿಸುವ ಡಬ್ಬಕ್ಕೆ ಒಂದು ಬಾಣ. ವೈರೇ ಇಲ್ಲದ ಅಲಾರಂ ಗಂಟೆಗೆ ಒಂದು. ತೇಪೆ ಹಚ್ಚಿದ ಹಬೆ ಪೈಪಿಗೆ ನಾಲ್ಕು. ಬಳಿಕ ಮುಂಬಾಗಿಲ ಹೊಸ್ತಿಲಿಂದ ಶುರುಮಾಡಿ, ನೆಲದ ಮೇಲೆ ಗೇಣಿಗೊಂದು ಬಾಣ, ಸಾಲುಸಾಲಾಗಿ, ಮಷೀನುಗಳ ನಡುವೆ, ಇಸ್ತ್ರಿ ಮೇಜು ಬಳಸಿ, ನೇರ ನೀಲಿ ಪರದೆಯ ಬುಡದವರೆಗೆ. ಪರದೆಯ ಹಿಂದೆ ಕೈ ಹಾಕಿ ಬೀಗದ ಸುತ್ತಲೂ ಹಚ್ಚಿದಳು. ಇಡೀ ಒಂದು ಸುರುಳಿ ಖಾಲಿ.

ಮ್ಯಾನೇಜರನಿಗೆ ಇದು ಕಾಣಿಸುವಷ್ಟರಲ್ಲಿ ಮಂತ್ರಿಗಳ ಬೂಟು ಮೊದಲ ಬಾಣದ ಮೇಲಿತ್ತು. ಅಯ್ಯೋ, ಆ ಸೊಗಸನ್ನು ಏನಂತ ಹೇಳಲಿ! ಮಂತ್ರಿಗಳು ಜೀವಮಾನವಿಡೀ ನೆಲದ ಬಾಣ ನೋಡಿ ನಡೆದವರು; ಸಮಾರಂಭದಲ್ಲಿ ಎಲ್ಲಿ ಬಾಣವೋ ಅಲ್ಲಿ ಅವರು. "ಒಳ್ಳೆ ವ್ಯವಸ್ಥೆ ಮಾಡಿದೀರಿ" ಅನ್ನುತ್ತಾ ಹೊರಟೇಬಿಟ್ಟರು. ಹಿಂದೆ ಅಧಿಕಾರಿ, ಅವನ ಹಿಂದೆ ಇನ್ಸ್‌ಪೆಕ್ಟರ್, ಅವರ ಹಿಂದೆ ಹೊರದೇಶದವರು, ಕ್ಯಾಮೆರಾದವರು. "ಸಾರ್, ಈ ಕಡೆ ಸಾರ್" ಅಂತ ಮ್ಯಾನೇಜರ್ ಅಡ್ಡ ಬಂದರೆ, ಮಂತ್ರಿಗಳು "ಬಾಣ ಈ ಕಡೆ ಇದೆಯಲ್ರೀ" ಅಂದರು. ಗೇಟಿನಿಂದ ಒಳಗೆ ಬಂದ ನಾವು ಆರುನೂರು ಜನ ಗೋಡೆಗೆ ಆತು ನಿಂತಿದ್ದೆವು.

ಪರದೆ ಬಂತು. ಪರದೆ, ಪಕ್ಕದಲ್ಲಿ ಹಗ್ಗ. ಇನ್ನೇನು ಬೇಕು? ಮಂತ್ರಿಗಳಾಗಿ ಹಗ್ಗ ಜಗ್ಗದೆ ಇರುವುದುಂಟೇ? ಪರದೆಯ ಹಿಂದೆ ಅವರ ಹೆಸರು ಕೆತ್ತಿದ ಕಲ್ಲು ಇರುವುದು ವಾಡಿಕೆ. ಅವರು ಕ್ಯಾಮೆರಾದ ಕಡೆ ತಿರುಗಿ, ಹಲ್ಲು ಬಿಟ್ಟು, ಹಗ್ಗ ಎಳೆದರು. ಪರದೆ ಸರ್ರಂತ ಸರಿಯಿತು. ತುಕ್ಕು ಹಿಡಿದ ಸರಪಳಿ, ಮುಷ್ಟಿ ಗಾತ್ರದ ಬೀಗ, ಸುತ್ತಲೂ ನೂರಾರು ಕೆಂಪು ಬಾಣ. ಅಭ್ಯಾಸಬಲದಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ಸ್‌ಪೆಕ್ಟರ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಫೋಟೋ ಪಟಪಟ ಬಿದ್ದವು.

"ಇದೇನ್ರೀ ಇದು?" ಅಂದರು ಮಂತ್ರಿಗಳು, ಹಗ್ಗ ಇನ್ನೂ ಕೈಯಲ್ಲೇ.

ಮ್ಯಾನೇಜರ್ ಇಂಗು ತಿಂದ ಮಂಗನಂತೆ ನಿಂತಿದ್ದ. ಅತ್ತೆಯೇ ಮುಂದೆ ಬಂದಳು. "ಹಿಂಬಾಗಿಲು ಸ್ವಾಮಿ. ತೆರೆದಿದೆ ಅಂತ ನಾನೇ ಸಹಿ ಹಾಕಿದೀನಿ. ಬೇಕಾದ್ರೆ ತಳ್ಳಿ ನೋಡಿ."

ಮಂತ್ರಿಗಳು ತಳ್ಳಿ ನೋಡಲಿಲ್ಲ. ಗಡಿಯಾರ ನೋಡಿಕೊಂಡರು. ಪ್ರಶಸ್ತಿಯನ್ನು ಮಾತ್ರ ಕೊಟ್ಟೇ ಹೋದರು, ಹೆಸರು ಕೆತ್ತಿಸಿ ಆಗಿತ್ತಲ್ಲ.

ಕಾರುಗಳು ಹೋದದ್ದೇ ತಡ, ಮ್ಯಾನೇಜರನ ಬಾಯಿಗೆ ಜೀವ ಬಂತು. "ನೀನು ಈಗಿಂದೀಗ್ಲೇ ಮನೆಗೆ! ಏಯ್, ಎಲ್ಲಾ ಬಾಣ ಕಿತ್ತಾಕ್ರೇ!"

ಯಾರೂ ಅಲುಗಲಿಲ್ಲ. ಇಸ್ತ್ರಿ ಮೇಜಿನ, ನಾವೆಲ್ಲ ದೊಡ್ಡಮ್ಮ ಅಂತ ಕರೆಯುವ ಹಿರಿಯಳು ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದಳು. "ಹಚ್ಚಿದೋರೇ ತೆಗೀಬೇಕು ಸಾರ್. ನೀವೇ ಬರೆಸಿದೀರಿ."

ಅವನಿಗೆ ಪಿತ್ತ ನೆತ್ತಿಗೇರಿತು. ಬಾಗಿ, ತನ್ನ ಉಗುರಿನಿಂದ ಕೆರೆದು, ಬೀಗದ ಮೇಲಿನ ಒಂದು ಬಾಣ ಕಿತ್ತ. ಆರುನೂರು ಬಾಯಿಂದ ಒಂದೇ ಸಲ "ಹೋ" ಅನ್ನುವ ಸದ್ದು ಬಂತು.

"ಮುಟ್ಟಿದೋರು ಅಂದೇ ಮನೆಗೆ ಅಂತಿದೆ ಸಾರ್" ಅಂದೆ ನಾನು. ನನ್ನ ಬಾಯಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ! "ಚೀಲ ತರಿಸ್ಲಾ?"

ಹಾಲ್ ತುಂಬ ನಗು. ದೊಡ್ಡಮ್ಮ ನಗುತ್ತ ನಗುತ್ತಲೇ ಇಸ್ತ್ರಿಯ ಸ್ವಿಚ್ಚು ಆರಿಸಿ, ಕೈಕಟ್ಟಿ ಸ್ಟೂಲಿನ ಮೇಲೆ ಕೂತಳು. ಅವಳ ಪಕ್ಕದವಳು ಕೂತಳು. ಒಂದೊಂದಾಗಿ ಎಲ್ಲ ಮಷೀನುಗಳ ಸ್ವಿಚ್ಚೂ ಆರಿತು. ತಪ್ಪು ಸರಿಯಾಗಬೇಕು, ಬಾಗಿಲು ತೆಗೆಯಬೇಕು, ವಜಾ ಆದವರು ವಾಪಸ್ ಬರಬೇಕು. ಅಲ್ಲಿಯವರೆಗೆ ಬಾಣ ಬಿದ್ದದ್ದು ಮುಂದಕ್ಕೆ ಹೋಗುವಂತಿಲ್ಲ. ಅತ್ತೆಯನ್ನು ಕಾವಲುಗಾರ ಗೇಟಿನ ಹೊರಗೆ ಬಿಟ್ಟು ಬಂದ. ನಾವು ಮರುದಿನವೂ ಬಂದು ಕೂತೆವು. ಅದರ ಮರುದಿನವೂ. ಶರ್ಟು ಒಯ್ಯಬೇಕಾದ ಲಾರಿ ಗೇಟಿನಲ್ಲೇ ನಿಂತಿತ್ತು. ಬೀಗದ ಜೊತೆ ಮಂತ್ರಿಗಳು ಹಲ್ಲು ಬಿಟ್ಟ ಫೋಟೋ ಪತ್ರಿಕೆಯಲ್ಲಿ ಬಂದಿತ್ತು.

ಮೂರನೇ ದಿನ ಇಲಾಖೆಯಿಂದ ಎಂಟೂ ಜನರಿಗೆ ಕರೆ ಬಂತು. ಅತ್ತೆಗೆ ಕರೆ ಇರಲಿಲ್ಲ, ಆದರೂ ಹೊರಟಳು. ಬಸ್ಸಿನಲ್ಲಿ ಅಮ್ಮ ಮುಂದಿನ ಸೀಟು, ಅತ್ತೆ ಹಿಂದಿನ ಸೀಟು, ನಡುವೆ ನಿಂತವಳು ನಾನು. ಪರದೆಯ ಕಥೆಯನ್ನು ನಾನು ಮನೆಯಲ್ಲಿ ಹತ್ತು ಸಲ ಹೇಳಿದ್ದೆ. ಅಪ್ಪ ನಕ್ಕು ನಕ್ಕು ಕೆಮ್ಮಿದ್ದ. ಅಮ್ಮ ಕೇಳಿಸಿಕೊಂಡಿದ್ದಳು, ತುಟಿ ಬಿಚ್ಚಿರಲಿಲ್ಲ.

ಅಧಿಕಾರಿಯ ಚಹಾದ ಕಪ್ಪು ಬದಲಾಗಿತ್ತು, ಅಂಗಿಯೂ ಬದಲಾಗಿತ್ತು. ತುಂಬಾ ಮರ್ಯಾದೆಯಿಂದ ಮಾತಾಡಿದ. ಎಂಟೂ ಜನರನ್ನು ನಾಳೆಯಿಂದಲೇ ಕೆಲಸಕ್ಕೆ ತೆಗೆದುಕೊಳ್ಳಲು ಕಂಪನಿ ಒಪ್ಪಿದೆ. ಬೀಗವನ್ನೂ ಒಡೆಸುತ್ತಾರೆ. ಒಂದು ಸಣ್ಣ ಕಾಗದ, ಒಂದು ಸಹಿ, ಮುಗಿಯಿತು. ಎಂಟು ಪ್ರತಿ, ಎಂಟು ಪೆನ್ನು, ಎಲ್ಲಾ ಜೋಡಿಸಿಟ್ಟಿದ್ದ.

ಅತ್ತೆಯ ಮುಖ ಅರಳಿಹೋಯಿತು. ನಾಲ್ಕು ತಿಂಗಳಲ್ಲಿ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ.

ಅಮ್ಮ ಪೆನ್ನು ಮುಟ್ಟಲಿಲ್ಲ. ಕಾಗದ ಎತ್ತಿಕೊಂಡಳು. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು, ಗಟ್ಟಿಯಾಗಿ, ನಿಧಾನವಾಗಿ. ಅಧಿಕಾರಿ ಗಡಿಯಾರ ನೋಡಿದ. ಎರಡನೇ ಪುಟದ ಕೊನೆಗೆ ಬಂದಾಗ ಅಮ್ಮನ ದನಿ ಇನ್ನಷ್ಟು ನಿಧಾನವಾಯಿತು. "ಹಿಂಬಾಗಿಲ ಕುರಿತು ನೀಡಿದ ಸುಳ್ಳು ಮಾಹಿತಿಗೆ ತಪಾಸಣೆ ಮಾಡಿದ ನೌಕರಳೊಬ್ಬಳೇ ಹೊಣೆಯೆಂದೂ, ಕಂಪನಿಗಾಗಲಿ ಇಲಾಖೆಗಾಗಲಿ ಇದರಲ್ಲಿ ಯಾವ ಪಾತ್ರವೂ ಇಲ್ಲವೆಂದೂ, ಸದರಿ ನೌಕರಳನ್ನು ವಜಾ ಮಾಡಿದ್ದು ನ್ಯಾಯವೆಂದೂ ಒಪ್ಪಿ ಸಹಿ ಮಾಡಿರುತ್ತೇನೆ."

ಅತ್ತೆ ಒಂದೇ ಹೆಜ್ಜೆಗೆ ಮೇಜಿನ ಹತ್ತಿರ ಬಂದಳು. ಪೆನ್ನು ಎತ್ತಿ ಅಮ್ಮನ ಕೈಗೆ ತುರುಕಿದಳು.

"ಹಾಕೇ ಹುಡುಗಿ. ಸುಳ್ಳೇನಿದೆ ಅದರಲ್ಲಿ? ಹಾಕಿದ್ದು ನಾನೇ ತಾನೆ. ನಿನ್ನ ಕೆಲಸ ಹೋಗಿದ್ದು ನನ್ನಿಂದ, ಬರೋದೂ ನನ್ನಿಂದಾನೇ ಬರ್ಲಿ. ಹಾಕೇ, ಕೈ ಮುಗೀತೀನಿ."

ಅಮ್ಮ ಪೆನ್ನು ಕೆಳಗಿಟ್ಟಳು. ನನ್ನ ಕಡೆ ತಿರುಗುತ್ತಾಳೆ ಅಂದುಕೊಂಡು ನಾನು ಸಿದ್ಧಳಾಗಿ ನಿಂತೆ. ತಿರುಗಲಿಲ್ಲ. ನೇರ ಅತ್ತೆಯ ಮುಖಕ್ಕೇ ನೋಡಿದಳು.

"ನೀವು ಸ್ವಲ್ಪ ಸುಮ್ನಿರಿ ಅತ್ತಿಗೆ. ಓದದೆ ಸಹಿ ಹಾಕೋರು ಮನೆಗೆ ಒಬ್ಬರು ಸಾಕು."

ನಾನು ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದೆ. ಅಮ್ಮ ಕಾಗದವನ್ನು ಅಧಿಕಾರಿಯ ಕಡೆ ತಳ್ಳಿದಳು. ಉಳಿದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏಳು ಕಾಗದವೂ ಹಿಂದಕ್ಕೆ ಹೋದವು.

"ಕೆಲಸ ಬೇಡ್ವೇನಮ್ಮ?" ಅಂದ ಅಧಿಕಾರಿ.

"ಬೇಕು. ಎಂಟು ಜನಕ್ಕಲ್ಲ, ಒಂಬತ್ತು ಜನಕ್ಕೆ ಬೇಕು. ಆ ಹಾಳೆ ಕಟ್ಟಿನೊಳಗೆ ಸೇರಿಸಿದೋರು ಯಾರು, ಬಾಗಿಲು ನೋಡ್ದೆ ವರದಿ ಬರೆದೋರು ಯಾರು, ಅದನ್ನ ಬರೀರಿ. ಬರೆಯೋಕಾಗಲ್ಲ ಅಂದ್ರೆ ಆ ಸಾಲು ಹೊಡೆದಾಕಿ. ಸುಳ್ಳಿಗೆ ನಮ್ಮ ಸಹಿ ಮಾತ್ರ ಕೇಳ್ಬೇಡಿ."

ಅವನು ಫೋನೆತ್ತಿ ಮ್ಯಾನೇಜರನ ಜೊತೆ ಗುಸುಗುಸು ಮಾತಾಡಿದ. ಆ ಕಡೆಯ ದನಿ ನಮಗೂ ಕೇಳಿಸುತ್ತಿತ್ತು: ಲಾರಿ, ಲಾರಿ, ಲಾರಿ. ಫೋನಿಟ್ಟು ಪೆನ್ನೆತ್ತಿಕೊಂಡು ಅಧಿಕಾರಿ ಆ ಸಾಲನ್ನು ಹೊಡೆದುಹಾಕಿದ. ತಪ್ಪು ಯಾರದು ಅಂತ ಬರೆಯಲಂತೂ ಇಲ್ಲ, ಇನ್ಸ್‌ಪೆಕ್ಟರನ ಹೆಸರು ಆ ಕಾಗದದಲ್ಲಿ ಇಂದಿಗೂ ಇಲ್ಲ, ಆ ಕೋಪ ನನಗೆ ಇಂದಿಗೂ ಇಳಿದಿಲ್ಲ. ಆದರೆ ಒಂಬತ್ತನೇ ಹೆಸರು ಸೇರಿತು. ಅಮ್ಮ ಇನ್ನೊಮ್ಮೆ ಮೊದಲಿಂದ ಕೊನೆಯವರೆಗೆ ಓದಿ, ಆಮೇಲೆ ಸಹಿ ಹಾಕಿದಳು.

ಬೀದಿಗೆ ಬಂದ ಮೇಲೆ ಏಳು ಜನ ಕುಣಿಯುತ್ತ ಕಾರ್ಖಾನೆಯ ಕಡೆ ಓಡಿದರು, ಕೂತವರಿಗೆ ಸುದ್ದಿ ಹೇಳಲು. ಅಮ್ಮ, ಅತ್ತೆ ಬಸ್‌ಸ್ಟಾಪಿನಲ್ಲಿ ನಿಂತರು.

"ಕೈ ಮುರಿದಾಗ ನಾನು ಅಳ್ಲಿಲ್ಲ ಅತ್ತಿಗೆ. ನಿಮ್ಮ ಸಹಿ ನೋಡಿ ಅತ್ತುಬಿಟ್ಟೆ" ಅಂದಳು ಅಮ್ಮ.

"ಗೊತ್ತು. ಗೋಡೆ ಆ ಕಡೆ ಕೇಳಿಸ್ತಿತ್ತು. ಬಂದು ನಾಲ್ಕು ಬೈಬಾರದಾಗಿತ್ತೇನೆ? ಕಾಯ್ತಾ ಇದ್ದೆ."

"ಬೈದ್ರೆ ಅವತ್ತೇ ಕೋಪ ಇಳಿದುಬಿಡ್ತಿತ್ತು. ಇಳಿಯೋದು ನಂಗೆ ಬೇಕಿರ್ಲಿಲ್ಲ."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡಳು. "ಈಗ ಬೈ" ಅಂದಳು.

ಅಮ್ಮ ಶುರುಮಾಡಿದಳು ನೋಡಿ! ಕಣ್ಣೆಲ್ಲಿಟ್ಟಿದ್ರಿ, ತಲೆಯೆಲ್ಲಿಟ್ಟಿದ್ರಿ, ನನ್ನ ಕಾಲರಿನ ಹೊಲಿಗೆ ಲೆಕ್ಕ ಸಿಗುತ್ತೆ, ಇಷ್ಟುದ್ದದ ಅಕ್ಷರ ಕಾಣಲ್ವಾ, ನಾಲ್ಕು ತಿಂಗಳು ನನ್ನ ಹೊಟ್ಟೆ ಉರಿಸಿದ್ರಲ್ಲ! ಬಸ್ಸು ಬಂತು, ಕಂಡಕ್ಟರ್ ಕರೆದ, ಇಬ್ಬರಿಗೂ ಕೇಳಿಸಲಿಲ್ಲ. ಬಸ್ಸು ಹೋಯಿತು. ಅವರು ನಡೆದೇ ಹೊರಟರು, ನಾನು ಹತ್ತು ಹೆಜ್ಜೆ ಹಿಂದೆ. ಮನೆ ಮುಟ್ಟುವವರೆಗೂ ಅಮ್ಮ ಬೈದಳು, ಅತ್ತೆ ಒಂದೊಂದಕ್ಕೂ "ಹೂಂ ಕಣೇ, ಹೂಂ" ಅನ್ನುತ್ತ ಅವಳ ಎಡಗೈ ಹಿಡಿದುಕೊಂಡು ನಡೆದಳು.